ಮೂರನೇ ಚರಣದ ಮೊದಲ ಸಾಲು

ಅರವತ್ತರ ಹೊಸ್ತಿಲಿಗೆ ಬಂದರೂ ಅವಳು ಎಲ್ಲರ ಬಾಯಲ್ಲೂ ಪುಟ್ಟಿಯೇ. ತಲೆಗೂದಲು ಮುಕ್ಕಾಲು ಪಾಲು ಬೆಳ್ಳಗಾಗಿತ್ತು, ಓದುವುದಕ್ಕೊಂದು, ದೂರ ನೋಡುವುದಕ್ಕೊಂದು ಎಂದು ಎರಡು ಕನ್ನಡಕ ಬಂದಿದ್ದವು. ಆದರೂ ಬಸ್ ನಿಲ್ದಾಣದ ಮ್ಯಾನೇಜರಿನಿಂದ ಹಿಡಿದು ಮೂಲೆಯಂಗಡಿಯವನವರೆಗೆ ಯಾರೂ ಆ ಹೆಸರನ್ನು ದೊಡ್ಡದು ಮಾಡುವ ಗೋಜಿಗೆ ಹೋಗಲಿಲ್ಲ. ಹೆಸರಿಟ್ಟವಳು ಅಕ್ಕ. ಅಕ್ಕನಿಗಿಂತ ಚಿಕ್ಕವಳು ಎಂಬುದಷ್ಟೇ ಅದರ ಅರ್ಥ.

ಅಕ್ಕ ಹೆಸರುವಾಸಿ ಹಾಡುಗಾರ್ತಿ. ಇಬ್ಬರಿಗೂ ಹಾಡು ಕಲಿಸಿದ್ದು ಅಮ್ಮ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಕಂಠಗಳು; ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಕೂತ ಅಪ್ಪನಿಗೂ ಯಾರು ಹಾಡುತ್ತಿದ್ದಾರೆಂದು ತಿಳಿಯುತ್ತಿರಲಿಲ್ಲ. ಆದರೆ ಅಕ್ಕನಿಗೆ ಜನರೆದುರು ನಿಲ್ಲುವ ಧೈರ್ಯವಿತ್ತು, ಪುಟ್ಟಿಗೆ ನಿಂತಲ್ಲೇ ಕಾಲು ನಡುಗುತ್ತಿತ್ತು. ಅಷ್ಟಕ್ಕೇ ಒಬ್ಬಳು ಮೈಕಿನ ಮುಂದೆ ನಿಂತಳು, ಇನ್ನೊಬ್ಬಳು ಹಿಂದಿನ ಸಾಲಿನ ಕೋರಸ್ ಹೆಂಗಸರ ನಡುವೆ ಸೇರಿಕೊಂಡಳು.

ಅಕ್ಕನನ್ನು ಎತ್ತಿ ನಿಲ್ಲಿಸಿದ್ದು ಒಂದೇ ಒಂದು ಹಾಡು. ಅದರ ಮೂರನೇ ಚರಣದ ಮೊದಲ ಸಾಲು ಒಮ್ಮೆಲೇ ಮೇಲಕ್ಕೇರಿ, ಅಲ್ಲೇ ನಿಂತು, ನಿಧಾನಕ್ಕೆ ಇಳಿಯುತ್ತದೆ. ಕೇಳಿದವರಿಗೆ ಮೈ ಜುಮ್ಮೆನ್ನುವ ಜಾಗ. ರೆಕಾರ್ಡಿಂಗಿನ ದಿನ ಅಕ್ಕನಿಗೆ ಜ್ವರ. ಸ್ಟುಡಿಯೋ ಗೊತ್ತು ಮಾಡಿಯಾಗಿತ್ತು, ವಾದ್ಯದವರೆಲ್ಲ ಬಂದು ಕೂತಿದ್ದರು. ಮೊದಲೆರಡು ಚರಣಗಳನ್ನು ಅಕ್ಕ ಹೇಗೋ ದಾಟಿದಳು, ಆ ಸಾಲಿಗೆ ಬಂದಾಗ ಮಾತ್ರ ಗಂಟಲು ಒಡೆಯಿತು. ಮತ್ತೆ ಹಾಡಿದಳು, ಮತ್ತೆ ಒಡೆಯಿತು. ಸಂಗೀತ ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಹಿಂದಿನ ಸಾಲಿನತ್ತ ಬೆರಳು ಮಾಡಿ, ತಂಗಿಯನ್ನು ಕರೆಯಿರಿ ಎಂದರು.

ಪುಟ್ಟಿ ಆ ಒಂದು ಸಾಲನ್ನು ಹಾಡಿದಳು. ರೆಕಾರ್ಡಿಂಗಿನವನು ಬ್ಲೇಡಿನಿಂದ ಟೇಪು ಕತ್ತರಿಸಿ, ಅಂಟಿಸಿ, ಅಕ್ಕನ ಎರಡು ಸಾಲುಗಳ ನಡುವೆ ಅವಳ ಸಾಲನ್ನು ಕೂರಿಸಿದ. ಕೇಳಿ ನೋಡಿದರು, ಒಬ್ಬರಿಗೂ ಗೊತ್ತಾಗುವಂತಿರಲಿಲ್ಲ. ಮನೆ ಮಾತು ಮನೆಯಲ್ಲೇ ಇರಲಿ ಎಂದು ನಿರ್ದೇಶಕರು ನಕ್ಕರು. ಮೆಟ್ಟಿಲಿಳಿಯುವಾಗ ಅಕ್ಕ ಸುಡುವ ಕೈಯಿಂದ ಅವಳ ಮುಂಗೈ ಹಿಡಿದು, "ಇದನ್ನ ನಾನು ಮರೆಯಲ್ಲ ಕಣೇ" ಅಂದಳು.

ಮರೆತಳೋ ಇಲ್ಲವೋ, ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಹಾಡು ಮನೆಮಾತಾಯಿತು. ಅಕ್ಕ ವೇದಿಕೆಯಿಂದ ವೇದಿಕೆಗೆ ಹೋದಳು. ಹೋದಲ್ಲೆಲ್ಲ ಆ ಹಾಡು ಬೇಕೇ ಬೇಕು. ಮೂರನೇ ಚರಣ ಬಂದೊಡನೆ ಅವಳು ಮುಗುಳ್ನಗುತ್ತಾ ಮೈಕನ್ನು ಜನರತ್ತ ಚಾಚುತ್ತಿದ್ದಳು, ಸಭೆಯೆಲ್ಲ ಒಕ್ಕೊರಲಿನಿಂದ ಆ ಸಾಲು ಹಾಡುತ್ತಿತ್ತು. ಎಷ್ಟು ದೊಡ್ಡ ಮನಸ್ಸು, ತನ್ನ ಹಾಡನ್ನೇ ಜನರ ಕೈಗೆ ಕೊಡುತ್ತಾಳೆ ಎಂದು ಪೇಪರಿನವರು ಬರೆದರು. ಹಿಂದಿನ ಸಾಲಿನಲ್ಲಿ ನಿಂತ ಪುಟ್ಟಿ ಅದನ್ನು ನೋಡಿ ನೋಡಿ ಒಳಗೊಳಗೇ ಕುದಿಯುತ್ತಿದ್ದಳು. ಕುದಿದದ್ದು ಹೊರಗೆ ಉಕ್ಕಲಿಲ್ಲ. ಅವಳ ಸ್ವಭಾವವೇ ಹಾಗೆ.

ಕೀಬೋರ್ಡು ಬಂದ ಮೇಲೆ ಕೋರಸ್‌ನವರನ್ನು ಕೇಳುವವರಿಲ್ಲವಾಯಿತು. ಪುಟ್ಟಿ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿ ಸೇರಿದಳು. ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಲ್ಲಿದೆ ಎಂದು ಹೇಳುವ ಕೆಲಸ. ಯಾರೂ ಎದುರಿಗೆ ನಿಂತು ನೋಡುವುದಿಲ್ಲವಾದ್ದರಿಂದ ಕಾಲು ನಡುಗುತ್ತಿರಲಿಲ್ಲ. ಅಲ್ಲಿ ಅವಳು ಸುಖವಾಗಿಯೇ ಇದ್ದಳು. ಅಮ್ಮ ಹಾಸಿಗೆ ಹಿಡಿದದ್ದು, ಬಂದ ಸಂಬಂಧಗಳು ಒಂದೊಂದಾಗಿ ಕೈಬಿಟ್ಟು ಹೋದದ್ದು, ಅಮ್ಮನನ್ನು ಮಣ್ಣು ಮಾಡಿ ಬಂದದ್ದು, ಎಲ್ಲವೂ ಆ ಕೆಲಸದಲ್ಲಿದ್ದಾಗಲೇ. ಕೊನೆಗೆ ಒಂದು ದಿನ ಅವಳನ್ನು ಕೂರಿಸಿ, ಊರುಗಳ ಹೆಸರು, ಅಂಕಿ, 'ಹೊರಡಲಿದೆ', 'ತಡವಾಗಿದೆ' ಎಂಬುದನ್ನೆಲ್ಲ ಬಿಡಿಬಿಡಿಯಾಗಿ ಹೇಳಿಸಿ ಕಂಪ್ಯೂಟರಿಗೆ ತುಂಬಿಕೊಂಡರು. ಅಲ್ಲಿಂದಾಚೆ ಕಂಪ್ಯೂಟರೇ ಅವನ್ನು ಪೋಣಿಸಿ ಕೂಗತೊಡಗಿತು. ಪುಟ್ಟಿಯನ್ನು ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ಕೌಂಟರಿಗೆ ಹಾಕಿದರು. ದಿನವಿಡೀ ಛತ್ರಿ, ಊಟದ ಡಬ್ಬಿ, ಒಂಟಿ ಕೈಗವಸುಗಳ ನಡುವೆ ಕೂತು, ತನ್ನದೇ ದನಿ ಎಲ್ಲೋ ಎಳೆಯಬೇಕಾದದ್ದನ್ನು ಎಲ್ಲೋ ಎಳೆದು ಕೂಗುವುದನ್ನು ಕೇಳಬೇಕು. "ನಿಮ್ಮ ದನಿ ಚಿರಂಜೀವಿ ಬಿಡಿ" ಎಂದು ಮ್ಯಾನೇಜರು ತಮಾಷೆ ಮಾಡಿದಾಗ ಅವಳು ನಗಲಿಲ್ಲ.

ಇಂಥ ಹೊತ್ತಿನಲ್ಲಿ ಅಕ್ಕನ ಫೋನು ಬಂತು. ಆ ಹಾಡಿನ ಹಳೇ ರೆಕಾರ್ಡನ್ನು ಕಂಪನಿಯವರು ಹೊಸದಾಗಿ, ಹೈ ರೆಸಲ್ಯೂಷನ್ ಡಿಸ್ಕಿನಲ್ಲಿ ತರುತ್ತಿದ್ದಾರಂತೆ. ಮೂಲ ಟೇಪೇ ಸಿಕ್ಕಿದೆಯಂತೆ. ಓಡಾಟವೆಲ್ಲ ಅಕ್ಕನ ಮಗನದು; ತಾಯಿಯ ಕಾರ್ಯಕ್ರಮಗಳನ್ನು ಹೊಂದಿಸುವುದೇ ಅವನ ಕಸುಬು. ಸ್ಟುಡಿಯೋಕ್ಕೆ ಬಂದು ಕೇಳಿ ಒಪ್ಪಿಗೆ ಕೊಡಿ ಎಂದಿದ್ದಾರೆ, ನೀನೂ ಜೊತೆಗೆ ಬಾ ಎಂದಳು ಅಕ್ಕ. ಅವಳು ಎಲ್ಲಿಗೂ ಒಬ್ಬಳೇ ಹೋದವಳಲ್ಲ. ಬಿಸಿನೀರಿನ ಫ್ಲಾಸ್ಕು, ಔಷಧಿ, ಹೊದೆಯುವ ಶಾಲು ಹಿಡಿಯಲು ಒಬ್ಬರು ಬೇಕು. ಆ ಒಬ್ಬರು ಎಂದಿದ್ದರೂ ಪುಟ್ಟಿ.

ಸ್ಟುಡಿಯೋ ಎಂದರೆ ಗೋಡೆಗೆಲ್ಲ ಬಟ್ಟೆ ಹೊದಿಸಿದ, ಕೆಮ್ಮಿದರೂ ಸದ್ದು ಅಲ್ಲೇ ಸತ್ತುಹೋಗುವಂಥ ಒಂದು ಕೋಣೆ. ಸೌಂಡ್ ಇಂಜಿನಿಯರು ಹೆಂಗಸು, ಮಾತು ಕಡಿಮೆ, ಕತ್ತಿನ ಸುತ್ತ ಹೆಡ್‌ಫೋನು. ಅಕ್ಕನನ್ನು ಎರಡು ಸ್ಪೀಕರುಗಳ ನಡುವಿನ ಕುರ್ಚಿಯಲ್ಲಿ ಕೂರಿಸಿದಳು. ಪುಟ್ಟಿಗೆ ಬಾಗಿಲ ಬಳಿಯ ಸ್ಟೂಲು.

ಈ ಡಿಸ್ಕಿನ ವಿಶೇಷವೇನು ಎಂದು ಅಕ್ಕ ಕೇಳಿದಳು. ಇಂಜಿನಿಯರು ಸಾವಧಾನವಾಗಿ ಹೇಳಿದಳು. ಮಾಮೂಲಿ ಸಿ.ಡಿ.ಯಲ್ಲಿ ದನಿಯ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಅಳತೆಯನ್ನು ಅಂಕಿಯಾಗಿ ಬರೆದಿಡುತ್ತಾರೆ. ಇದರಲ್ಲಿ ಹಾಗೆ ದೊಡ್ಡ ಅಂಕಿಗಳಿಲ್ಲ. ಇರುವುದು ಹೌದು ಅಥವಾ ಅಲ್ಲ ಎಂಬ ಒಂದೇ ಬಿಟ್, ಆದರೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಹೌದುಗಳು ಒತ್ತಾಗಿ ಬಂದಲ್ಲಿ ಅಲೆ ಏರುತ್ತದೆ, ತೆಳುವಾದಲ್ಲಿ ಇಳಿಯುತ್ತದೆ. ಅದನ್ನು ಮತ್ತೆ ದನಿಯಾಗಿಸುವುದು ಈ ಕನ್ವರ್ಟರ್ ಎಂದು, ಊಟದ ಡಬ್ಬಿಯಷ್ಟು ಉದ್ದಗಲದ ಕಪ್ಪು ಪೆಟ್ಟಿಗೆಯೊಂದನ್ನು ಮುಟ್ಟಿ ತೋರಿಸಿದಳು. ಎಷ್ಟೋ ಕನ್ವರ್ಟರುಗಳು ಈ ಬಿಟ್‌ಗಳನ್ನು ಒಳಗೊಳಗೇ ಮೊದಲು ಮಾಮೂಲಿ ಅಂಕಿಗಳಾಗಿ ಬದಲಾಯಿಸಿಕೊಂಡು ಆಮೇಲೆ ನುಡಿಸುತ್ತವೆ. ಹೊರಗೆ ಕೂತವರಿಗೆ ಗೊತ್ತೂ ಆಗುವುದಿಲ್ಲ. ಕೆಲವು ಮಾತ್ರ ಬಂದದ್ದನ್ನು ಬಂದ ಹಾಗೇ ಬಿಟ್ಟು, ಕಿವಿಗೆ ನಿಲುಕದ ಮೇಲಿನ ಗದ್ದಲವನ್ನಷ್ಟೇ ಸೋಸುತ್ತವೆ. ಇದರಲ್ಲಿ ಎರಡು ದಾರಿಯೂ ಇದೆ, ಬಟನ್ ಒತ್ತಿ ಬೇಕಾದ್ದನ್ನು ಆರಿಸಿಕೊಳ್ಳಬಹುದು ಎಂದಳು. ಎರಡಕ್ಕೂ ಅಷ್ಟು ವ್ಯತ್ಯಾಸವಿದೆಯೇ ಎಂದು ಮಗ ಕೇಳಿದ್ದಕ್ಕೆ, ನನಗೂ ಎಷ್ಟೋ ಸಲ ತಿಳಿಯುವುದಿಲ್ಲ ಎಂದು ನಕ್ಕಳು. ಮಗನ ಮುಖ ಸಪ್ಪಗಾಯಿತು. ಜಾಹೀರಾತಿಗೆ ಆಗುವ ಮಾತಾಗಿರಲಿಲ್ಲ ಅದು.

ಹಾಡು ಶುರುವಾಯಿತು. ಟೇಪಿನೊಳಗಿಂದ ಆವತ್ತಿನ ಕೋಣೆಯೇ ಎದ್ದು ಬಂದಂತಾಯಿತು. ಪಿಟೀಲಿನವನು ಕಮಾನು ಸರಿಮಾಡಿಕೊಂಡದ್ದು, ಯಾರದೋ ಕುರ್ಚಿ ಕಿರುಗುಟ್ಟಿದ್ದು ಎಲ್ಲವೂ ಕೇಳಿಸುತ್ತಿತ್ತು. ಅಕ್ಕನ ದನಿಯಲ್ಲಿದ್ದ ಜ್ವರವೂ ಕೇಳಿಸಿತು. ಎರಡನೇ ಚರಣ ಮುಗಿಯುತ್ತಿದ್ದಂತೆ ಪುಟ್ಟಿ ತನಗೇ ತಿಳಿಯದೆ ಬೆನ್ನು ನೆಟ್ಟಗೆ ಮಾಡಿ ಉಸಿರು ತುಂಬಿಕೊಂಡಳು.

ಆ ಸಾಲು ಬಂದು ಹೋದದ್ದೇ ಇಂಜಿನಿಯರು ನಿಲ್ಲಿಸಿದಳು. ಇಲ್ಲೊಂದು ಕೂಡುಜಾಗವಿದೆ, ಟೇಪು ಅಂಟಿಸಿದ್ದಾರೆ ಎಂದಳು. ಹಿಂದೆ ಮುಂದೆ ಕೋಣೆಯ ಸದ್ದೇ ಬೇರೆ, ಮೈಕಿಗೂ ಬಾಯಿಗೂ ಇರುವ ದೂರ ಬೇರೆ. ದನಿಯೂ ಇಲ್ಲಿ ಇದ್ದಕ್ಕಿದ್ದಂತೆ ತಿಳಿಯಾಗುತ್ತದೆ.

"ಈ ಸಾಲನ್ನ ಬೇರೆ ದಿನ ಹಾಡಿದ್ರಾ ಮೇಡಂ?"

ಅಕ್ಕ ತಿರುಗಿ ಪುಟ್ಟಿಯತ್ತ ನೋಡಲಿಲ್ಲ. ಶಾಲಿನ ಅಂಚನ್ನು ನೀವಿಕೊಂಡು ಹೇಳಿದಳು: "ಹೂಂ. ಜ್ವರ ಬಂದಿತ್ತು. ಬಿಟ್ಟ ಮೇಲೆ ಬಂದು ಹಾಡಿದೆ."

ಹೇಗಿದೆಯೋ ಹಾಗೇ ಬಿಡಲೇ, ಸರಿಮಾಡಲೇ ಎಂದು ಇಂಜಿನಿಯರು ಕೇಳಿದಳು. ಈ ಒಂದು ಬಿಟ್‌ನ ರೂಪದಲ್ಲಿ ಏನನ್ನೂ ತಿದ್ದಲಾಗುವುದಿಲ್ಲ, ದನಿಯನ್ನು ಒಂದು ಗುಲಗಂಜಿ ತಗ್ಗಿಸುವುದಕ್ಕೂ ಮೊದಲು ಅಂಕಿಗಳಾಗಿ ಬದಲಾಯಿಸಲೇಬೇಕು, ತಿದ್ದಿ ಮತ್ತೆ ಹಿಂದಕ್ಕೆ ತರಬೇಕು. ಹಾಗೆ ಮಾಡಿದರೆ ಹಾಡೆಲ್ಲ ಟೇಪಿನಿಂದ ನೇರವಾಗಿ ಬಂದದ್ದು, ಆ ಒಂದು ಸಾಲು ಮಾತ್ರ ತಿದ್ದಿದ್ದು ಎಂದಾಗುತ್ತದೆ.

"ಅದನ್ನೆಲ್ಲ ಯಾರು ನೋಡ್ತಾರೆ" ಎಂದಳು ಅಕ್ಕ. "ಮಿಕ್ಕಿದ್ದಕ್ಕೆ ಹೊಂದೋ ಹಾಗೆ ಮಾಡಿಬಿಡಿ. ಸ್ವಲ್ಪ ಮಂಕು ಮಾಡಿದ್ರೂ ಪರವಾಗಿಲ್ಲ."

ಕಾರಿನಲ್ಲಿ ಅಕ್ಕ ಬೇರೇನೋ ಮಾತಾಡಿದಳು. ಪುಟ್ಟಿ ಕಿಟಕಿಯಾಚೆ ನೋಡುತ್ತಾ ಕೂತಳು. ನಲವತ್ತು ವರ್ಷ ಅವಳು ಹೊಟ್ಟೆಗೆ ಹಾಕಿಕೊಂಡದ್ದು ಎಷ್ಟೋ ಇತ್ತು. ಅಕ್ಕ ಕೊಟ್ಟ ಮಾತು ಉಳಿಸಿಕೊಳ್ಳದ್ದು, ಅಮ್ಮನ ಕಾಯಿಲೆಗೆ ಹಣ್ಣಿನ ಬುಟ್ಟಿ ಕಳಿಸಿ ಕೈ ತೊಳೆದುಕೊಂಡದ್ದು, ಉಟ್ಟು ಬಿಟ್ಟ ಬಟ್ಟೆಗಳನ್ನು ಉಡುಗೊರೆಯೆಂಬಂತೆ ಕೊಟ್ಟದ್ದು. ಅದೆಲ್ಲವನ್ನೂ ತಾಳಿಕೊಳ್ಳಲು ಅವಳಿಗಿದ್ದ ಆಸರೆ ಆ ಸಾಲೊಂದೇ. ಜನ ಮೈಮರೆಯುವುದು ತನ್ನ ದನಿಗೆ ಎಂಬುದು ತನಗೆ ಗೊತ್ತು, ಅಕ್ಕನಿಗೂ ಗೊತ್ತು, ಸಾಕು ಎಂದುಕೊಂಡಿದ್ದಳು. ಈಗ ಅಕ್ಕ ಅದನ್ನೂ ಮಂಕು ಮಾಡಿಬಿಡಿ ಎಂದಿದ್ದಳು.

ಆ ವಾರ ರಜೆ ಹಾಕಿ ಒಬ್ಬಳೇ ಸ್ಟುಡಿಯೋಕ್ಕೆ ಹೋದಳು. ಎಲ್ಲ ಹೇಳಿಬಿಡುವುದೆಂದೇ ಹೋಗಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಅವಳು ಒಬ್ಬಳೇ ಬಂದದ್ದು ಕಂಡು ಇಂಜಿನಿಯರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ತಿದ್ದುವ ಮೊದಲು ಆ ಸಾಲನ್ನು ಒಮ್ಮೆ ಕೇಳಬೇಕು ಎಂದು ಪುಟ್ಟಿ ಕೇಳಿಕೊಂಡದ್ದಕ್ಕೆ, ಸ್ಪೀಕರುಗಳ ನಡುವಿನ ಕುರ್ಚಿಯನ್ನೇ ತೋರಿಸಿದಳು. ಕನ್ವರ್ಟರಿನ ಬಟನ್ ಒತ್ತಿದಳು. ಟೇಪಿನಲ್ಲಿ ಇದ್ದದ್ದು ಇದ್ದ ಹಾಗೇ ಬರುತ್ತದೆ, ನಡುವೆ ಯಾರ ಕೈಯೂ ಇಲ್ಲ ಎಂದಳು.

ಮೊದಲ ದಿನ ಬಾಗಿಲ ಬಳಿ ಕೂತು, ಅಕ್ಕ ಏನೆನ್ನುತ್ತಾಳೋ ಎಂಬ ಗಾಬರಿಯಲ್ಲಿ ಪುಟ್ಟಿ ಆ ಸಾಲನ್ನು ಸರಿಯಾಗಿ ಕೇಳಿಯೇ ಇರಲಿಲ್ಲ. ಹಳೆಯ ಕ್ಯಾಸೆಟ್ಟಿನಲ್ಲಿ, ರೇಡಿಯೋದಲ್ಲಿ ಕೇಳಿದ್ದೆಲ್ಲ ಪಿಟೀಲು, ಕೊಳಲು, ಗೊರಗೊರ ಸದ್ದಿನ ಮರೆಯಲ್ಲಿ. ಈಗ ಮರೆ ಇರಲಿಲ್ಲ. ಕೈಯಳತೆ ದೂರದಲ್ಲಿ ಒಬ್ಬಳು ಹುಡುಗಿ ನಿಂತು ಹಾಡುತ್ತಿದ್ದಳು. ಹೆದರಿದ್ದಳು. ಉಸಿರನ್ನು ಅವಸರದಲ್ಲಿ ಎಳೆದುಕೊಂಡಳು; ಮೇಲಕ್ಕೇರಿದಳು, ಆದರೆ ಮುಟ್ಟಬೇಕಾದ ಸ್ವರಕ್ಕೆ ಕೂದಲೆಳೆಯಷ್ಟು ಕೆಳಗೇ ಉಳಿದಳು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ, ಅಲುಗಾಡಿದಳು. ಇಳಿಯುವಾಗ ಬದುಕಿದೆಯಾ ಬಡಜೀವವೇ ಎಂಬಂತೆ ಓಡಿ ಇಳಿದಳು. ದನಿ ಚೆನ್ನಾಗಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಜ್ವರದಲ್ಲಿ ಸುಡುತ್ತಿದ್ದ ಅಕ್ಕ ಅದರ ಹಿಂದಿನ ಸಾಲನ್ನು ಹಾಡಿದ್ದು ಅದಕ್ಕಿಂತ ಚೆನ್ನಾಗಿತ್ತು.

ಇನ್ನೊಮ್ಮೆ ಹಾಕಿ ಎಂದಳು ಪುಟ್ಟಿ. ಇನ್ನೊಮ್ಮೆ ಕೇಳಿದರೂ ಅದೇ. ಇನ್ನೊಂದು ದಾರಿಯಲ್ಲಿ ಹಾಕಿ ನೋಡಿ, ಅಂಕಿ ಮಾಡಿ ನುಡಿಸುತ್ತದೆ ಅಂದಿರಲ್ಲ ಎಂದು ಕೇಳಿದಳು. ಇಂಜಿನಿಯರು ಅದನ್ನೂ ಹಾಕಿದಳು. ಆ ದಾರಿಯಲ್ಲೂ ಹುಡುಗಿ ಹೆದರಿಯೇ ಇದ್ದಳು, ಸ್ವರ ಕೆಳಗೇ ಇತ್ತು.

ಇಂಜಿನಿಯರು ಕುರ್ಚಿ ತಿರುಗಿಸಿ ಅವಳ ಮುಖ ನೋಡಿದಳು. "ಅದು ನೀವೇ ಅಲ್ವಾ? ಅವತ್ತು ಆ ಸಾಲು ಬರೋಕೆ ಮುಂಚೆ ನೀವು ಉಸಿರು ತಗೊಂಡ್ರಿ. ನಾನು ನೋಡ್ತಿದ್ದೆ." ಆಮೇಲೆ ದನಿ ತಗ್ಗಿಸಿ, "ನೀವು ಹೂಂ ಅಂದ್ರೆ, ಡಿಸ್ಕಿನ ಮೇಲೆ ನಿಮ್ಮ ಹೆಸರು ಹಾಕಲೇಬೇಕು ಅಂತ ಕಂಪನಿಗೆ ನಾನೇ ಬರೀತೀನಿ" ಎಂದಳು.

ಪುಟ್ಟಿ ಮಡಿಲಲ್ಲಿದ್ದ ಚೀಲದ ಹಿಡಿ ತಿರುಚಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನಾಲಗೆಗೆ ಬರಲಿಲ್ಲ. ಇದಕ್ಕೇನಾ ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಕೂತದ್ದು ಎನಿಸಿತು. ಈ ಅಲುಗಾಡುವ ಸಾಲಿನ ಕೆಳಗೆ ತನ್ನ ಹೆಸರು ಬರೆಸಿಕೊಂಡು ಯಾರಿಗೆ ತೋರಿಸುವುದು?

"ಅಲ್ಲಮ್ಮ. ಅದು ನಮ್ಮಕ್ಕಾನೇ" ಎಂದಳು. "ಜ್ವರ ಬಿಟ್ಟು ಇನ್ನೂ ಸುಸ್ತಿತ್ತು ಅವಳಿಗೆ. ಅದಕ್ಕೇ ಹಂಗಿದೆ. ಸರಿ ಮಾಡಿಬಿಡಿ."

ಅಕ್ಕನ ಮೇಲಿನ ಪ್ರೀತಿಯಿಂದ ಹಾಗೆಂದಳು ಎಂದರೆ ಸುಳ್ಳಾದೀತು. ನಾಚಿಕೆಯಿಂದ ಅಂದಳು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಕಣ್ಣಲ್ಲಿ ನೀರೂ ಬರಲಿಲ್ಲ.

ಅವಳು ಒಬ್ಬಳೇ ಹೋಗಿದ್ದ ಸುದ್ದಿ ಅಕ್ಕನಿಗೆ ಮುಟ್ಟಲು ತಡವಾಗಲಿಲ್ಲ. ಸ್ಟುಡಿಯೋದ ಮುಂಬಾಗಿಲಲ್ಲಿ ಕೂರುವ ಹೆಂಗಸು ಅಕ್ಕನ ಮಗನೊಡನೆ ಮಾತಾಡುವಾಗ, ನಿಮ್ಮ ಚಿಕ್ಕಮ್ಮ ಬಂದಿದ್ದರಲ್ಲ ಎಂದು ಹೇಳಿದ್ದಳಂತೆ. ಅಕ್ಕ ಮನೆಗೆ ಕರೆಸಿದಳು. ಹಾಲಿನಲ್ಲಿ ಪ್ರಶಸ್ತಿಗಳ ಗಾಜಿನ ಕಪಾಟಿನ ಮುಂದೆ ಕೂತಿದ್ದಳು. ಕೂತುಕೋ ಎನ್ನಲಿಲ್ಲ.

"ಹೋಗಿ ಎಲ್ಲಾ ಊದಿ ಬಂದೆಯಾ?"

"ಏನೂ ಹೇಳಿಲ್ಲಕ್ಕ."

"ಮತ್ಯಾಕೆ ಹೋಗಿದ್ದೆ?"

ಪುಟ್ಟಿ, ನನ್ನ ದನಿ ಕೇಳುವುದಕ್ಕೆ ಎನ್ನಬೇಕಿತ್ತು. ಹಾಗೆಂದರೆ, ಹೇಗಿತ್ತು ಎಂದು ಅಕ್ಕ ಕೇಳಿಯಾಳು. "ಸುಮ್ನೆ" ಎಂದಳು.

"ಸುಮ್ನೆ ಹೋಗೋಳಾ ನೀನು? ಇಷ್ಟು ವರ್ಷ ನನ್ನ ಬೆನ್ನ ಹಿಂದೆ ನಿಂತು ಅದನ್ನೇ ಎಣಿಸ್ತಿದ್ದೆ ಅನ್ನೋದು ನನಗೆ ಗೊತ್ತಿಲ್ವಾ?" ಅಕ್ಕನ ದನಿ ಏರಲಿಲ್ಲ, ಅದೇ ಕೆಟ್ಟದಾಗಿತ್ತು. "ಒಂದು ಮಾತು ಹೇಳ್ತೀನಿ ಕೇಳು. ಆ ಸಾಲು ಚೆನ್ನಾಗಿರಲೇ ಇಲ್ಲ. ಅವತ್ತೇ ನನಗೆ ಗೊತ್ತಿತ್ತು. ಬೇರೆ ದಾರಿ ಇಲ್ಲ ಅಂತ ಸುಮ್ಮನಾದೆ. ಜ್ವರ ಬಿಟ್ಟ ಮೇಲೆ ನಾನು ಅದನ್ನ ಹತ್ತು ಸಲ ಅದಕ್ಕಿಂತ ಚೆನ್ನಾಗಿ ಹಾಡ್ತಿದ್ದೆ. ಆದ್ರೆ ರೆಕಾರ್ಡು ಆಗ್ಲೇ ಜನದ ಕೈಗೆ ಹೋಗಿತ್ತು. ಅವರಿಗೆ ರೆಕಾರ್ಡಲ್ಲಿ ಹೆಂಗಿದೆಯೋ ಹಂಗೇ ಬೇಕು. ನಿನ್ನ ತಪ್ಪನ್ನ ನಾನು ಜೀವನ ಪೂರ್ತಿ ಹಾಡಬೇಕಿತ್ತು. ಆಗಲ್ಲ ಅಂತಲೇ ಅವರ ಬಾಯಿಗೇ ಬಿಟ್ಟೆ."

ಪುಟ್ಟಿ ನಿಂತೇ ಇದ್ದಳು. ಕೆಲವು ದಿನಗಳ ಹಿಂದಾಗಿದ್ದರೆ ಇದನ್ನು ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕಬಹುದಿತ್ತು, ಒಳಗೊಳಗೇ ನಕ್ಕು ಮನೆಗೆ ಹೋಗಬಹುದಿತ್ತು. ಈಗ ಅದೂ ಸಾಧ್ಯವಿರಲಿಲ್ಲ. ಅಕ್ಕ ಹೇಳಿದ್ದು ಅಕ್ಷರಶಃ ನಿಜವೆಂದು ಅವಳ ಕಿವಿಯೇ ಸಾಕ್ಷಿ ಹೇಳುತ್ತಿತ್ತು.

"ನಾನು ಅವರಿಗೆ, ಅದು ನೀನೇ ಹಾಡಿದ್ದು ಅಂತ ಹೇಳಿ ಬಂದೆ" ಎಂದಳು.

"ಹೌದೌದು, ನಂಬಿದೆ" ಎಂದಳು ಅಕ್ಕ. "ಇನ್ಮೇಲೆ ಈ ಕಡೆ ಬರೋದು ಬೇಡ."

ಡಿಸ್ಕು ಬಂತು. ಬಿಡುಗಡೆಗೆ ಪುಟ್ಟಿಗೆ ಕರೆಯಿರಲಿಲ್ಲ. ಒಳ್ಳೆಯ ಯಂತ್ರಗಳಿಟ್ಟುಕೊಂಡ ಕೆಲವೇ ಜನ ಕೊಂಡರು, ಮೆಚ್ಚಿ ಬರೆದರು. ಪುಟ್ಟಿ ಕೌಂಟರಿನ ಹಿಂದೆ ಛತ್ರಿಗಳಿಗೆ ಚೀಟಿ ಕಟ್ಟುತ್ತಾ ದಿನ ನೂಕಿದಳು. ಕೆಲವು ಸಲ ಫೋನು ಕೈಗೆತ್ತಿಕೊಂಡು ಅಕ್ಕನ ನಂಬರಿನವರೆಗೆ ಹೋಗಿ ಇಟ್ಟುಬಿಟ್ಟಳು. ನಾನೇನೂ ಊದಿಲ್ಲ, ಬೇಕಾದರೆ ಇಂಜಿನಿಯರನ್ನೇ ಕೇಳಿ ನೋಡು ಎನ್ನಬಹುದಿತ್ತು. ಆದರೆ ಇಂಜಿನಿಯರು ಅವಳ ಸುಳ್ಳನ್ನು ನಂಬಿರಲಿಲ್ಲವೆಂಬುದು ಅವಳಿಗೆ ಆವತ್ತೇ ಗೊತ್ತಾಗಿತ್ತು, ಏನು ಹೇಳಿಯಾಳೋ.

ಚಳಿಗಾಲ ಹಿಡಿದ ಮೇಲೆ ಒಂದು ಭಾನುವಾರ ಅಕ್ಕನ ಮಗ ಮನೆಗೆ ಬಂದ. ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ, ಬಾಗಿಲಲ್ಲೇ ನಿಂತು ಒಂದು ಡಿಸ್ಕು ಕೊಟ್ಟ. ಕಂಪನಿಯವರು ಕೋರಸ್‌ನವರಿಗೆಲ್ಲ ಒಂದೊಂದು ಕೊಡಬೇಕೆಂದಿದ್ದಾರಂತೆ. ಉಳಿದವರ ವಿಳಾಸ ಸಿಕ್ಕಿಲ್ಲವಂತೆ.

"ನಿಮ್ಮ ಹತ್ರ ಇರೋ ಮಷೀನು ಇದರ ಹೈ ರೆಸಲ್ಯೂಷನ್ ಪದರ ಓದಲ್ಲ ಚಿಕ್ಕಮ್ಮ. ಮಾಮೂಲಿ ಪದರ ಇನ್ನೊಂದಿದೆ, ಅದು ಕೇಳುತ್ತೆ" ಎಂದ.

ಪುಟ್ಟಿ ಆಗಲಿ ಎಂದಳು. ನಿಮ್ಮಮ್ಮ ಹೇಗಿದ್ದಾಳೆ ಎಂದು ಕೇಳಿದಳು.

"ಈಗ ಪರವಾಗಿಲ್ಲ. ಹೊಟ್ಟೆ ಆಪರೇಷನ್ ಆಯ್ತಲ್ಲ, ಇನ್ನೂ ಗಟ್ಟಿ ಊಟ ಕೊಡ್ತಿಲ್ಲ." ಅಂದವನು ಅವಳ ಮುಖ ನೋಡಿ, ಇವಳಿಗೆ ಯಾರೂ ಹೇಳಿಲ್ಲವೆಂಬುದು ಆಗ ಹೊಳೆದವನಂತೆ ಕಣ್ಣು ತಗ್ಗಿಸಿದ.

ಆಸ್ಪತ್ರೆಯಲ್ಲಿ ಜೊತೆಗೆ ಯಾರಿದ್ದರು ಎಂದು ಅವಳು ಕೇಳಿದಳು.

"ಒಬ್ಬ ಹೆಂಗಸನ್ನ ಇಟ್ಕೊಂಡಿದೀವಿ. ಒಳ್ಳೆಯವಳು. ಅಮ್ಮಂಗೆ ಚೆನ್ನಾಗಿ ಹೊಂದ್ಕೊಂಡಿದ್ದಾಳೆ."

"ಒಳ್ಳೇದಾಯ್ತು ಬಿಡು" ಎಂದಳು ಪುಟ್ಟಿ. ಒಳಗೆ ಬಾ, ಟೀ ಮಾಡುತ್ತೇನೆ ಎಂದಳು. ಅವನು ಗಡಿಯಾರ ನೋಡಿಕೊಂಡು, ಇನ್ನೊಂದು ಸಲ ಬರುತ್ತೇನೆ ಎಂದು ಮೆಟ್ಟಿಲಿಳಿದ. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಅವಳು ಬಾಗಿಲಲ್ಲಿ ನಿಂತಿದ್ದು, ಆಮೇಲೆ ಒಳಗೆ ಹೋಗಿ ಒಬ್ಬಳಿಗಾಗುವಷ್ಟು ನೀರು ಒಲೆಯ ಮೇಲಿಟ್ಟಳು.